ಹಾಜಿಯವರ ಹಟ್ಟಿಗೆ ಚೈನಿನ ಗಾಡಿ ಆರಿಸಿದ್ದು

ಪತ್ರಿಕೆಯಲ್ಲಿ ಕೃಷಿ ಪುಟವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಅಪರಾಧ ವರದಿ ಮಾಡಬೇಕೆಂದು ಬರುವವರಿದ್ದಾರೆ, ರಾಜಕೀಯಕ್ಕೆಂದು ಬರುವವರಿದ್ದಾರೆ. ಗೊಬ್ಬರ, ಕಳೆ, ಪಂಪ್‌ಸೆಟ್ಟುಗಳ ಬಗ್ಗೆ ಬರೆಯುವ ಕನಸು ಹೊತ್ತು ಕಚೇರಿಯ ಮೆಟ್ಟಿಲು ಹತ್ತಿದ ಒಬ್ಬನನ್ನೂ ನನ್ನ ಸೇವಾವಧಿಯಲ್ಲಿ ನೋಡಲಿಲ್ಲ. ನನಗೆ ಆ ಪುಟ ಸಿಕ್ಕಿದ್ದು ಹಿಂದೆ ಅದನ್ನು ನೋಡಿಕೊಳ್ಳುತ್ತಿದ್ದವರು ವರ್ಗವಾಗಿ ಹೋದದ್ದರಿಂದ ಮತ್ತು ಆ ದಿನದ ಸಭೆಗೆ ನಾನು ತಡವಾಗಿ ಹೋದದ್ದರಿಂದ. ಬಂಟ್ವಾಳದಲ್ಲಿ ಕುಳಿತು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆಯ ಬೇಸಾಯದ ಸುದ್ದಿ ಬರೆಯಬೇಕು, ವಾರಕ್ಕೊಂದು ಪುಟ ತುಂಬಿಸಬೇಕು. ತೊಂಬತ್ತರ ದಶಕದಲ್ಲಿ ಶುರುವಾದ ಆ ಕೆಲಸ ನಿವೃತ್ತಿಯವರೆಗೂ ನನ್ನ ಬೆನ್ನು ಬಿಡಲಿಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಅನುಭವ ಹೇಳಿ ಎನ್ನುತ್ತಾರೆ. ಹೇಳುವಂಥ ಸಾಹಸಗಳು ನನ್ನಲ್ಲಿಲ್ಲ. ಯಂತ್ರಗಳಿವೆ. ಆ ಎರಡು ದಶಕಗಳಲ್ಲಿ ಈ ಸೀಮೆಯ ರೈತರ ಅಂಗಳಕ್ಕೆ ಬಂದಷ್ಟು ಬಗೆಯ ಯಂತ್ರಗಳು ಅದಕ್ಕೂ ಹಿಂದಿನ ನೂರು ವರ್ಷಗಳಲ್ಲಿ ಬಂದಿರಲಿಕ್ಕಿಲ್ಲ. ಯಾವ ಯಂತ್ರ ಬಂದರೂ ಎರಡು ವಿಷಯ ಖಚಿತವಾಗಿತ್ತು: ಅದನ್ನು ನೋಡಲು ಊರೇ ಸೇರುತ್ತಿತ್ತು, ಮತ್ತು ಅದರ ಸುದ್ದಿ ಬರೆಯಲು ನಾನು ಹೋಗಬೇಕಿತ್ತು.

ಆರಂಭದ ವರ್ಷಗಳಲ್ಲಿ ಸುದ್ದಿ ಕಳುಹಿಸುತ್ತಿದ್ದುದು ಬಸ್ಸಿನಲ್ಲಿ. ಬರೆದ ಹಾಳೆಗಳನ್ನೂ ಫಿಲ್ಮ್ ರೋಲನ್ನೂ ಒಂದು ಕವರಿಗೆ ಹಾಕಿ, ಮಂಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಕಚೇರಿಗೆ ಫೋನ್ ಮಾಡಿ ಬಸ್ಸಿನ ಹೆಸರು ಹೇಳಬೇಕು. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಿತು. ಬಳಿಕ ಫ್ಯಾಕ್ಸ್ ಬಂತು, ಇಮೇಲ್ ಬಂತು, ಸುದ್ದಿ ಬೇಗ ತಲುಪತೊಡಗಿತು. ಬೇಗ ತಲುಪಿದ್ದರಿಂದ ಒಳ್ಳೆಯದಾಯಿತೆಂದು ನನಗೆ ಅನಿಸಿಲ್ಲ. ಕವರು ಬಸ್ಸಿನಲ್ಲಿ ಹೋಗುತ್ತಿದ್ದ ಹೊತ್ತಿನಲ್ಲಿ, ಬರೆದದ್ದರಲ್ಲಿ ಏನು ತಪ್ಪಾಗಿದೆ ಎಂದು ಯೋಚಿಸಲು ಸಮಯ ಸಿಗುತ್ತಿತ್ತು. ಓಡಿ ಹೋಗಿ ಎಸ್‌ಟಿಡಿ ಬೂತಿನಿಂದ ತಿದ್ದಿಸಬಹುದಿತ್ತು.

ತಿದ್ದುವವರು ನಮ್ಮ ಸುದ್ದಿ ಸಂಪಾದಕರು. ಕಡಿಮೆ ಮಾತಿನವರು. ಕೆಂಪು ಶಾಯಿಯ ಪೆನ್ನು ಹಿಡಿದು ಗುಣವಾಚಕಗಳನ್ನೆಲ್ಲ ಕಳೆ ಕೀಳುವಂತೆ ಕೀಳುತ್ತಿದ್ದರು. ನಾನು ಒಮ್ಮೆ ‘ಅತ್ಯುಪಯುಕ್ತ ಯಂತ್ರ’ ಎಂದು ಬರೆದದ್ದಕ್ಕೆ ಫೋನ್ ಮಾಡಿದರು.

“ಅದು ಉಪಯುಕ್ತ ಅಂತ ನಿಮಗೆ ಯಾರು ಹೇಳಿದ್ದು?”

“ಕಂಪನಿಯವರು ಸರ್.”

“ಮತ್ತೆ ಅವರು ಅನುಪಯುಕ್ತ ಅಂತ ಹೇಳ್ತಾರಾ ಮಾರಾಯ್ರೇ? ಅಲ್ಲಿ ಎಂತ ಆಯ್ತೋ ಅದನ್ನು ಬರೀರಿ. ಒಳ್ಳೇದಾ ಕೆಟ್ಟದ್ದಾ ಅಂತ ಓದುವವರು ಹೇಳ್ಲಿ.”

ಪತ್ರಿಕೋದ್ಯಮದ ತರಗತಿ ನನಗೆ ಅಷ್ಟೇ ಆದದ್ದು.

ಅಲ್ಲಿ ಏನಾಯಿತೋ ಅದನ್ನು ಮಾತ್ರ ಬರೆಯುವುದು ಸುಲಭವಲ್ಲ ಎಂದು ತಿಳಿದದ್ದು ಶಿರ್ತಾಡಿಯಲ್ಲಿ. ಅಲ್ಲಿನ ರೈತರೊಬ್ಬರು ಊರಿಗೇ ಮೊದಲಿಗರಾಗಿ ಪವರ್ ಟಿಲ್ಲರ್ ತರಿಸಿದ್ದರು. ಗದ್ದೆಯ ಮಣ್ಣು, ಎಂಜಿನ್ನಿನ ಶಕ್ತಿ, ಡೀಸೆಲ್ ಖರ್ಚು ಎಲ್ಲವನ್ನೂ ವಿಚಾರಿಸಿಯೇ ತರಿಸಿದ್ದರು. ವಿಚಾರಿಸದೆ ಉಳಿದದ್ದು, ರಸ್ತೆಯಿಂದ ಗದ್ದೆಗೆ ಇಳಿಯುವ ದಾರಿ ಯಾವುದು ಎಂಬುದನ್ನು. ಇದ್ದದ್ದು ಒಂದು ಕಿರಿದಾದ ಓಣಿ, ಅದರ ಎರಡೂ ಬದಿ ನೆರೆಯವರ ಜಾಗ. ಆ ನೆರೆಯವರಿಗೂ ಇವರಿಗೂ ಮಾತಿರಲಿಲ್ಲ. ಹೀಗಾಗಿ ಟಿಲ್ಲರ್ ರಸ್ತೆ ಬದಿಯ ಚಹಾದಂಗಡಿಯ ಜಗಲಿಯಲ್ಲಿ ಒಂದು ಮಳೆಗಾಲ ಪೂರ್ತಿ ನಿಂತಿತು. ನಾನು ಹೋದಾಗ ಅದರ ಹಿಡಿಯಲ್ಲಿ ಯಾರದೋ ಕೊಡೆ ನೇತಾಡುತ್ತಿತ್ತು, ಸೀಟಿನ ಮೇಲೆ ಒಬ್ಬರು ಕೂತು ಗೋಳಿಬಜೆ ತಿನ್ನುತ್ತಿದ್ದರು. ಟಿಲ್ಲರ್ ಹೇಗುಂಟು ಎಂದು ಕೇಳಿದೆ. “ಕೂತ್ಕೊಳ್ಳಿಕ್ಕೆ ಒಳ್ಳೇದುಂಟು” ಎಂದರು. ಅದನ್ನೇ ಬರೆದೆ. ಸಂಪಾದಕರು ಒಂದಕ್ಷರ ತಿದ್ದಲಿಲ್ಲ. ರೈತರು ಮಾತ್ರ ನನ್ನನ್ನು ಕಂಡಾಗಲೆಲ್ಲ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಬೆಳ್ತಂಗಡಿಯಲ್ಲಿ ಔಷಧಿ ಸಿಂಪಡಿಸುವ ಹೊಸ ಯಂತ್ರದ ಪ್ರಾತ್ಯಕ್ಷಿಕೆ ನಡೆದದ್ದು ಇನ್ನೊಂದು ಕಥೆ. ಗಣ್ಯರೆಲ್ಲ ಬಿಳಿ ಅಂಗಿಯಲ್ಲಿ ಸಾಲಾಗಿ ಕುಳಿತಿದ್ದರು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಯಾರೂ ನೋಡಲಿಲ್ಲ. ಯಂತ್ರ ಚಾಲೂ ಆದ ಮೇಲೆ ಸಾಲಿನಲ್ಲಿದ್ದವರ ಅಂಗಿಗಳೆಲ್ಲ ಬೋರ್ಡೋ ದ್ರಾವಣದ ನೀಲಿ ಚುಕ್ಕೆಗಳಿಂದ ತುಂಬಿದವು. ಆದರೂ ಎಲ್ಲರೂ ಗಂಭೀರವಾಗಿ ನಿಂತು ಫೋಟೋ ತೆಗೆಸಿಕೊಂಡರು. ಪತ್ರಿಕೆ ಆಗ ಕಪ್ಪು ಬಿಳುಪು. ಮರುದಿನ ಓದುಗರು ಫೋನ್ ಮಾಡಿ, ಇತ್ತೀಚೆಗೆ ನಿಮ್ಮ ಮುದ್ರಣ ತುಂಬಾ ಹಾಳಾಗಿದೆ, ಫೋಟೋದಲ್ಲಿ ಬರೀ ಚುಕ್ಕೆ ಎಂದು ದೂರಿದರು. ಮುದ್ರಣ ವಿಭಾಗದವರಿಗೆ ಮೇಲಿನಿಂದ ಬೈಗಳು ಬಿತ್ತು. ಗಣ್ಯರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಇಷ್ಟಾದ ಮೇಲೆ ಊರಿನವರಿಗೆ ನಾನು ಯಂತ್ರಗಳ ವಿಷಯ ತಿಳಿದವನು ಎಂಬ ಭ್ರಮೆ ಹುಟ್ಟಿತು. ಮದುವೆ ಮನೆಯಲ್ಲಿ ಎಲೆ ಹಾಕಿದಲ್ಲಿಂದ ಹಿಡಿದು ಆಸ್ಪತ್ರೆಯ ಸಾಲಿನವರೆಗೆ ಎಲ್ಲ ಕಡೆಯೂ ಕೇಳುವುದು ಒಂದೇ, ಯಾವ ಮೆಷಿನ್ ಒಳ್ಳೇದು? ನಾನು ಉತ್ತರ ಕೊಡುತ್ತಿರಲಿಲ್ಲ. ಬದಲಿಗೆ ಪ್ರಶ್ನೆ ಕೇಳುತ್ತಿದ್ದೆ. ನಿಮ್ಮ ದಾರಿ ಎಷ್ಟು ಅಗಲ? ಕೆಟ್ಟರೆ ರಿಪೇರಿಯವನು ಎಲ್ಲಿಂದ ಬರಬೇಕು? ನೀವು ಊರಲ್ಲಿಲ್ಲದಾಗ ಅದನ್ನು ಓಡಿಸುವವರು ಯಾರು? ಹೆಚ್ಚಿನವರು ಮೂರನೇ ಪ್ರಶ್ನೆಗೆ ಮೊದಲೇ ಊಟ ಮುಗಿಸಿ ಕೈ ತೊಳೆಯಲು ಏಳುತ್ತಿದ್ದರು.

ಈ ಮೂರು ಪ್ರಶ್ನೆಗಳನ್ನೂ ಮೊದಲೇ ತಾವೇ ಹಾಕಿಕೊಂಡು ನನ್ನ ಹತ್ತಿರ ಬಂದ ಒಬ್ಬರೇ ಒಬ್ಬರೆಂದರೆ ಸಿದ್ಧಕಟ್ಟೆಯ ಇಸ್ಮಾಯಿಲ್ ಹಾಜಿಯವರು. ಅದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ.

ಹಾಜಿಯವರು ಬಹಳ ವರ್ಷ ಸೌದಿಯ ಒಂದು ದೊಡ್ಡ ಹೈನು ಫಾರ್ಮಿನಲ್ಲಿ ಇದ್ದವರು. ಹಟ್ಟಿಯಿಂದ ಸೆಗಣಿ ಬಾಚಿ ಹೊರಗೆ ಹಾಕುವ ಸಣ್ಣ ಲೋಡರ್ ಓಡಿಸುವುದೇ ಅಲ್ಲಿ ಅವರ ಕೆಲಸ. ಗಲ್ಫಿನಿಂದ ಬಂದವರು ಸಾಮಾನ್ಯವಾಗಿ ಅಂಗಡಿ ಹಾಕುತ್ತಾರೆ, ಇಲ್ಲವೇ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಇವರು ದನ ಕಟ್ಟಿದರು. ಉದ್ದನೆಯ ಹಟ್ಟಿ, ಕಾಂಕ್ರೀಟ್ ನೆಲ, ತುಂಬ ಜೆರ್ಸಿ ದನಗಳು. ಹಾಲು ಚೆನ್ನಾಗಿ ಬಂತು. ಸೆಗಣಿ ಅದಕ್ಕಿಂತ ಚೆನ್ನಾಗಿ ಬಂತು.

ಆ ಸೆಗಣಿ ಹಟ್ಟಿಯ ಹಿಂಬದಿ ರಾಶಿ ಬಿದ್ದು ಬಿದ್ದು ಗುಡ್ಡವಾಯಿತು. ಗುಡ್ಡದ ಬುಡದಲ್ಲಿ ಒಂದು ತೋಡು, ಸಣ್ಣ ಹಳ್ಳ. ಮಳೆ ಬಂದರೆ ರಾಶಿಯ ನೀರೆಲ್ಲ ತೋಡಿಗೆ, ತೋಡಿನಿಂದ ಕೆಳಗಿನ ಮನೆಗಳ ಬಾವಿಯ ಕಡೆಗೆ. ಕೆಳಗಿನವರೆಲ್ಲ ಸೇರಿ ಪಂಚಾಯತಿಗೆ ದೂರು ಕೊಟ್ಟರು. ಮುಂದೆ ನಿಂತು ಸಹಿ ಹಾಕಿಸಿದವರು ಪಕ್ಕದ ಜಾಗದ ದೂಮಣ್ಣ ಶೆಟ್ಟರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಪಂಚಾಯತಿನವರು ಬಂದು ನೋಡಿ, ಮಳೆಗಾಲದ ಒಳಗೆ ರಾಶಿ ಅಲ್ಲಿಂದ ಹೋಗಬೇಕು, ಹೋಗದಿದ್ದರೆ ಹಟ್ಟಿಯ ಪರವಾನಗಿ ನವೀಕರಣ ಇಲ್ಲ ಎಂದು ಹೇಳಿ ಹೋದರು. ಪರವಾನಗಿ ಇಲ್ಲ ಎಂದರೆ ಹಟ್ಟಿ ಬಂದ್. ಸೌದಿಯ ದುಡಿಮೆಯೆಲ್ಲ ಆ ಹಟ್ಟಿಯಲ್ಲಿತ್ತು.

ರಾಶಿ ಸಾಗಿಸಲು ಮೇಲಿನ ಗುಡ್ಡೆಯಲ್ಲಿ ಹಾಜಿಯವರು ಹೊಂಡ ತೋಡಿಸಿಯೇ ಇಟ್ಟಿದ್ದರು. ಸಾಗಿಸುವುದು ಹೇಗೆ? ಕೆಲಸದವರು ಸಿಗುತ್ತಿರಲಿಲ್ಲ, ಸಿಕ್ಕವರು ಸೆಗಣಿ ಹೊರಲು ಒಪ್ಪುತ್ತಿರಲಿಲ್ಲ. ಮಣ್ಣು ಅಗೆಯುವ ದೊಡ್ಡ ಯಂತ್ರವನ್ನು ಬಾಡಿಗೆಗೆ ತರಿಸಿದರು. ಅದು ಓಣಿಯ ತಿರುವಿನಲ್ಲಿ ಶೆಟ್ಟರ ಪಾಗಾರದ, ಎಂದರೆ ಜಾಗದ ಗಡಿಗೋಡೆಯ, ಕಲ್ಲುಗಳಿಗೆ ಮೂಗು ತಾಗಿಸಿ ನಿಂತಿತು. ಪಾಗಾರದಿಂದ ನಾಲ್ಕು ಕಲ್ಲು ತೆಗೆದರೆ ದಾರಿ ಆಗುತ್ತಿತ್ತು. ಹಾಜಿಯವರು ಕೇಳಿದರು. ಶೆಟ್ಟರು ಹೇಳಿದ್ದು ಹೀಗೆ:

“ಅಜ್ಜನ ಕಾಲದ ಪಾಗಾರ ಹಾಜಿಯವರೇ. ಒಂದು ಕಲ್ಲು ಅಲ್ಲಾಡಿದ್ರೆ ಅಜ್ಜ ಕನಸಲ್ಲಿ ಬರ್ತಾರೆ.”

“ಬಂದ್ರೆ ನನ್ನ ಹತ್ರ ಕಳಿಸಿ ಶೆಟ್ರೇ, ನಾನು ಮಾತಾಡ್ತೇನೆ.”

“ಅವರಿಗೆ ಸೆಗಣಿ ವಾಸನೆ ಆಗುದಿಲ್ಲ.”

ಯಂತ್ರ ಹಿಂದೆ ಹೋಯಿತು. ಉಳಿದದ್ದು ಒಂದೇ ದಾರಿ, ಓಣಿಯಲ್ಲಿ ನುಗ್ಗುವಂಥ ಸಣ್ಣ ಲೋಡರ್. ಮಂಗಳೂರಿನಲ್ಲಿ ಬಂದರಿನ ಕೆಲಸಕ್ಕೆಂದು, ಹಡಗಿನ ಹೊಟ್ಟೆಯೊಳಗೆ ಇಳಿಸಿ ಸರಕು ಬಾಚಲೆಂದು ತರಿಸಿದ್ದ ಅಂಥ ಯಂತ್ರಗಳು ಮಾರಾಟಕ್ಕಿವೆ ಎಂದು ಅವರು ಪತ್ತೆ ಮಾಡಿದ್ದರು. ಎರಡು ಬಗೆ. ಒಂದಕ್ಕೆ ನಾಲ್ಕು ಟಯರು. ಇನ್ನೊಂದಕ್ಕೆ ಟಯರಿನ ಬದಲು ಯುದ್ಧದ ಟ್ಯಾಂಕಿನಂತೆ ಎರಡೂ ಬದಿ ಉರುಳುವ ರಬ್ಬರಿನ ಅಗಲ ಪಟ್ಟಿ. ನಮ್ಮ ಕಡೆ ಅದು ಕಬ್ಬಿಣದ್ದಿರಲಿ ರಬ್ಬರಿನದ್ದಿರಲಿ, ಜನ ಕರೆಯುವುದು ಚೈನಿನ ಗಾಡಿ ಎಂದೇ. ಎರಡರಲ್ಲಿ ಯಾವುದು ಆದೀತು ಎಂದು ಹಾಜಿಯವರು ಕೇಳಿದರು.

“ನೀವು ಇದನ್ನೇ ಓಡಿಸಿದವರಲ್ವಾ? ನನ್ನ ಹತ್ರ ಕೇಳುವುದು ಯಾಕೆ?” ಎಂದೆ.

“ಅಲ್ಲಿ ಮರಳು, ಇಲ್ಲಿ ಮುರಕಲ್ಲು. ಅಲ್ಲಿ ಸೆಗಣಿ ಒಣಗಿ ಹುಡಿ, ಇಲ್ಲಿ ಪಾಯಸ. ಅಲ್ಲಿ ಓಡಿಸಿದ್ದು ಇಲ್ಲಿಗೆ ಎಂತ ಪ್ರಯೋಜನ?” ಎಂದರು ಹಾಜಿಯವರು. “ಎರಡನ್ನೂ ತರಿಸಿ ನನ್ನ ಜಾಗದಲ್ಲೇ ಓಡಿಸಿ ನೋಡುವ ಅಂತ ಉಂಟು. ನೀವು ಪೇಪರಲ್ಲಿ ನಾಲ್ಕು ಗೆರೆ ಹಾಕಿ. ನೋಡುವವರು ಬರ್ಲಿ.”

“ಜನ ಸೇರಿದ್ರೆ ನಿಮಗೇ ತೊಂದರೆ ಅಲ್ವಾ?”

“ಬರ್ಲಿ ಮಾರಾಯ್ರೇ. ಚಹಾ ಕೊಡ್ತೇನೆ.”

ನಾಲ್ಕು ಗೆರೆ ಹಾಕಿದೆ. ಆಸಕ್ತ ರೈತರು ಭಾಗವಹಿಸಬಹುದು ಎಂಬ ಸಾಮಾನ್ಯ ವಾಕ್ಯವೂ ಅದರಲ್ಲಿತ್ತು.

ಆ ದಿನ ಬೆಳಿಗ್ಗೆ ನಾನು ತಲುಪುವಾಗ ಓಣಿಯುದ್ದಕ್ಕೂ ಬೈಕುಗಳು ನಿಂತಿದ್ದವು. ಶಿರ್ತಾಡಿಯಿಂದ ಬಂದವರಿದ್ದರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿದ್ದರು. ದೂರಿಗೆ ಸಹಿ ಹಾಕಿದವರೂ ಬಂದಿದ್ದರು. ಆದರೆ ಅವರು ಹಾಜಿಯವರ ಅಂಗಳಕ್ಕೆ ಕಾಲಿಡಲಿಲ್ಲ. ಪಾಗಾರದ ಆಚೆ, ಶೆಟ್ಟರ ಜಾಗದಲ್ಲಿ, ಗಲ್ಲವನ್ನು ಕಲ್ಲಿನ ಮೇಲಿಟ್ಟು ಸಾಲಾಗಿ ನಿಂತಿದ್ದರು. ಯಾರ ಮೇಲೆ ದೂರು ಕೊಟ್ಟಿದ್ದೇವೋ ಅವರ ಮನೆಗೇ ಹೋಗಿ ಚಹಾ ಕುಡಿಯುವುದು ಮರ್ಯಾದೆಯ ಪ್ರಶ್ನೆ. ಪಾಗಾರದ ಆಚೆ ನಿಂತು ನೋಡುವುದಕ್ಕೆ ಅಡ್ಡಿಯಿಲ್ಲ.

ಯಂತ್ರಗಳನ್ನು ಲಾರಿಯಲ್ಲಿ ತಂದವನು ಬಸವರಾಜ ಎಂಬ ಯುವಕ. ಹುಬ್ಬಳ್ಳಿ ಕಡೆಯವನು, ಮಾರಾಟದ ಕೆಲಸಕ್ಕೆ ಸೇರಿ ಹೆಚ್ಚು ಸಮಯವಾಗಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಸೆಗಣಿಯ ಗುಡ್ಡ ನೋಡಿ, ತನ್ನ ಬೂಟನ್ನೊಮ್ಮೆ ನೋಡಿಕೊಂಡ.

“ಸಾಹೇಬ್ರ, ನಮ್ಮ ಕಡೆ ಹೊಲ ಹಿಂಗ ಇರೂದಿಲ್ರೀ” ಎಂದ.

“ಇದು ಹೊಲ ಅಲ್ಲ ಮಾರಾಯ. ಇಳಿಸು” ಎಂದರು ಹಾಜಿಯವರು.

ಟಯರಿನ ಗಾಡಿ ಮೊದಲು ಇಳಿಯಿತು. ಓಣಿಯಲ್ಲಿ ಸಲೀಸಾಗಿ ಬಂತು, ಕಾಂಕ್ರೀಟ್ ನೆಲದಲ್ಲಿ ಬುಗುರಿಯಂತೆ ನಿಂತಲ್ಲೇ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಬಸವರಾಜನಿಗೆ ಉತ್ಸಾಹ ಬಂದು ರಾಶಿಗೆ ನುಗ್ಗಿಸಿದ. ಮೊದಲ ಬಕೆಟ್ ಬಂತು. ಎರಡನೇ ಸಲ ಮುಂದೆ ಹೋದದ್ದು ಹಿಂದೆ ಬರಲಿಲ್ಲ. ಟಯರು ಗಿರಗಿರನೆ ತಿರುಗಿ, ಪಾಯಸ ನಾಲ್ಕೂ ದಿಕ್ಕಿಗೆ ಹಾರಿತು. ಬೆಳ್ತಂಗಡಿಯವರಿಗೆ ಅನುಭವವಿದ್ದಿರಬೇಕು, ಸಮಯಕ್ಕೆ ಸರಿಯಾಗಿ ಸರಿದರು. ಬಸವರಾಜನ ಅಂಗಿಗೆ ಮಾತ್ರ ಸರಿಯಲು ಜಾಗವಿರಲಿಲ್ಲ. ಗಾಡಿ ಅಚ್ಚಿನವರೆಗೆ ಹೂತು ನಿಂತಿತು.

ಪಾಗಾರದ ಆಚೆಯಿಂದ ಶೆಟ್ಟರ ದನಿ ಬಂತು. “ಹಾಜಿಯವರೇ, ಒಂದು ರಾಶಿ ತೆಗೀಲಿಕ್ಕೆ ಹೇಳಿದ್ರೆ ನೀವು ಅದಕ್ಕೆ ಇನ್ನೊಂದು ಸೇರಿಸಿದ್ರಿ.”

“ಅದು ಬೆರಕೆ ಶೆಟ್ರೇ, ಕಬ್ಬಿಣದ ಅಂಶ ತೋಟಕ್ಕೆ ಒಳ್ಳೇದು.”

ಚೈನಿನ ಗಾಡಿ ಇಳಿಸಿ, ಹಗ್ಗ ಕಟ್ಟಿ ಟಯರಿನ ಗಾಡಿಯನ್ನು ಎಳೆದು ತೆಗೆದರು. ಆಮೇಲೆ ಹಾಜಿಯವರು ಲುಂಗಿ ಎತ್ತಿ ಕಟ್ಟಿ, ಬಸವರಾಜನನ್ನು ಇಳಿಸಿ, ತಾವೇ ಹತ್ತಿ ಕುಳಿತರು. ಅಗಲ ಪಟ್ಟಿಯ ಮೇಲೆ ಗಾಡಿಯ ಭಾರ ಹಂಚಿ ಹೋಗುವುದರಿಂದ ಅದು ಹೂಳಲಿಲ್ಲ. ರಾಶಿಯ ಮೇಲೆ ಎಮ್ಮೆ ನಡೆದಂತೆ ನಿಧಾನಕ್ಕೆ ನಡೆದು, ಬಕೆಟ್ ತುಂಬಿ, ಹಿಂದೆ ಬಂತು. ತೋಡಿನ ಬದಿಯ ಕೆಸರಿಗೆ ಇಳಿಸಿದರು, ಅಲ್ಲಿಯೂ ಹತ್ತಿ ಬಂತು.

ಅಷ್ಟಕ್ಕೇ ತೀರ್ಮಾನ ಮಾಡುವವರು ನಾವು, ಅವರಲ್ಲ. ಬಕೆಟ್ ತುಂಬಿಕೊಂಡು ಗುಡ್ಡೆಯ ಹೊಂಡದ ಕಡೆ ಹತ್ತಿಸಿದರು. ಏರು ದಾರಿಯೆಲ್ಲ ಗಟ್ಟಿ ಕೆಂಪು ಮುರಕಲ್ಲಿನ ಚೂಪು. ಹೊಂಡದ ಹತ್ತಿರ ಗಾಡಿಯನ್ನು ನಿಂತಲ್ಲೇ ತಿರುಗಿಸಿದಾಗ ಪಟ್ಟಿಯ ಅಂಚಿನಿಂದ ರಬ್ಬರಿನ ಒಂದು ತುಂಡು ಕಿತ್ತು ಬಂತು. ರಬ್ಬರ್ ಬೆಳೆಗಾರರೊಬ್ಬರು ಆ ತುಂಡನ್ನು ಎತ್ತಿ, ಮೂಸಿ, ಬಗ್ಗಿಸಿ ನೋಡಿದರು.

“ನಮ್ಮದೇ ರಬ್ಬರಿನ ಹಾಗೆ ಉಂಟು” ಎಂದರು. “ಕ್ರಯ ಮಾತ್ರ ನಮಗೆ ಸಿಗ್ಲಿಲ್ಲ.”

ಹಾಜಿಯವರು ಇಳಿದು ಬಂದು ಬಸವರಾಜನನ್ನು ಬದಿಗೆ ಕರೆದರು. ಪಟ್ಟಿ ಪೂರ್ತಿ ಹರಿದರೆ ಹೊಸತು ಎಲ್ಲಿಂದ ಬರಬೇಕು, ಎಷ್ಟು ವಾರ ಕಾಯಬೇಕು, ಬಿಡಿಭಾಗ ಸಿಗದ ಊರಿನಲ್ಲಿ ಇಂಥ ಗಾಡಿಯನ್ನು ಬಿಚ್ಚಬಲ್ಲ ಮೆಕ್ಯಾನಿಕ್ ಯಾರು, ಎಲ್ಲವನ್ನೂ ಕೇಳಿದರು. ಬಸವರಾಜ ಪ್ರತಿಯೊಂದಕ್ಕೂ “ವಿಚಾರ ಮಾಡಿ ಹೇಳ್ತೀನ್ರೀ” ಎಂದ. ಅದು ಪ್ರಾಮಾಣಿಕ ಉತ್ತರ. ಆವರೆಗೆ ನಾನು ಕಂಡ ಮಾರಾಟಗಾರರೆಲ್ಲ ಎಲ್ಲವೂ ಮಂಗಳೂರಲ್ಲಿ ಸಿಗುತ್ತದೆ ಎನ್ನುವವರೇ.

“ಹಾಗಾದ್ರೆ ಗುಡ್ಡೆಗೆ ಇದು ಆಗುದಿಲ್ಲ” ಎಂದರು ಹಾಜಿಯವರು ನನ್ನ ಕಡೆ ತಿರುಗಿ. “ಕೆಳಗೆ ಇದರಷ್ಟು ಒಳ್ಳೇದು ಬೇರೆ ಇಲ್ಲ. ಮೇಲೆ ಹತ್ತಿಸಿದ್ರೆ ಒಂದು ವರ್ಷದಲ್ಲಿ ಪಟ್ಟಿ ಚಿಂದಿ. ಕೆಳಗೇ ತುಂಬಿಸಿ ಟಯರಿನ ಪಿಕಪ್ಪಲ್ಲಿ ಸಾಗಿಸ್ಬೇಕು. ಪಿಕಪ್ಪಿನಷ್ಟು ಎತ್ತರಕ್ಕೆ ಬಕೆಟ್ ಹೋಗ್ತದಾ, ಅದೊಂದು ನೋಡ್ಬೇಕು.” ಆಮೇಲೆ ಪಾಗಾರದ ಕಡೆ ನೋಡಿ ದನಿ ಎತ್ತರಿಸಿದರು. “ಇಲ್ಲಿ ಯಾರ ಹತ್ರ ಆದ್ರೂ ಪಿಕಪ್ ಉಂಟಾ? ಒಂದು ಬಕೆಟ್ ಹಾಕಿ ನೋಡ್ಲಿಕ್ಕೆ!”

ಕಲ್ಲಿನ ಮೇಲಿದ್ದ ಗಲ್ಲಗಳು ಒಮ್ಮೆಲೆ ಎದ್ದವು.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಹಟ್ಟಿಗೊಬ್ಬರಕ್ಕೆ ಇರುವ ಬೇಡಿಕೆ ಬಂಗಾರಕ್ಕೂ ಇಲ್ಲ. ಪಾಗಾರದ ಆಚೆ ನಿಂತವರೆಲ್ಲ ಆ ವರ್ಷ ಗೊಬ್ಬರಕ್ಕಾಗಿ ಊರೂರು ತಿರುಗಿದವರೇ. ಕಣ್ಣೆದುರೇ ರಾಶಿ ಇದ್ದರೂ ಕೇಳುವ ಹಾಗಿರಲಿಲ್ಲ. ಯಾವ ರಾಶಿ ತೊಂದರೆ ಎಂದು ಸಹಿ ಹಾಕಿದೆವೋ ಅದರಿಂದ ಒಂದು ಬುಟ್ಟಿ ಕೊಡಿ ಎಂದು ಕೇಳುವುದು ಹೇಗೆ? ಆದರೆ ಇದು ಕೇಳುವುದಲ್ಲ, ಪರೀಕ್ಷೆಗೆ ನೆರವಾಗುವುದು.

ಸಹಿ ಹಾಕಿದವರಲ್ಲಿ ಸದಾನಂದ ಎಂಬವರ ಬಳಿ ಪಿಕಪ್ ಇತ್ತು. ಅದು ಓಣಿಯಲ್ಲಿ ಬಂದು ನಿಂತದ್ದು ಎಷ್ಟು ಬೇಗವೆಂದರೆ ಎಂಜಿನ್ ಮೊದಲೇ ಚಾಲೂ ಇತ್ತೇ ಎಂದು ನನಗೆ ಸಂಶಯ ಬಂತು. ಬಕೆಟ್ ಎತ್ತರಕ್ಕೆ ಹೋಯಿತು, ಸುರಿಯಿತು. ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು.

“ಒಂದು ಬಕೆಟಲ್ಲಿ ಎಂತ ಗೊತ್ತಾಗ್ತದೆ?” ಎಂದರು ಸದಾನಂದ. “ತುಂಬಿದ ಮೇಲೂ ಅಷ್ಟೇ ಎತ್ತರಕ್ಕೆ ಹಾಕ್ತದಾ ನೋಡ್ಬೇಕಲ್ಲ.”

ತುಂಬಿದ ಮೇಲೂ ಅಷ್ಟೇ ಎತ್ತರಕ್ಕೆ ಹಾಕಿತು. ಸದಾನಂದ ಹೊರಟರು. ಅವರ ಹಿಂದೆ ಇನ್ನೊಬ್ಬರ ಟೆಂಪೊ ಬಂತು. ಟೆಂಪೊದ ಎತ್ತರ ಬೇರೆ, ಅದನ್ನೂ ನೋಡಬೇಕು. ಮೂರನೆಯವರು ಟ್ರ್ಯಾಕ್ಟರ್ ಟ್ರೈಲರ್ ತಂದರು, ಅದರ ಎತ್ತರ ಮತ್ತೂ ಬೇರೆ. ನಂತರ ಸದಾನಂದ ಖಾಲಿ ಪಿಕಪ್ಪಿನೊಂದಿಗೆ ಹಿಂದೆ ಬಂದರು. ಮೊದಲ ಸಲ ಹಿಂಬದಿಯಿಂದ ತುಂಬಿಸಿದ್ದು, ಬದಿಯಿಂದ ತುಂಬಿಸಿದರೆ ಹೇಗೆ ಎಂದು ಅವರಿಗೆ ಸಂಶಯವಿತ್ತಂತೆ. ಹಾಜಿಯವರು ಗಾಡಿಯಿಂದ ಇಳಿಯಲೇ ಇಲ್ಲ. ಎಲ್ಲರ ಸಂಶಯವನ್ನೂ ತಾಳ್ಮೆಯಿಂದ ಪರಿಹರಿಸಿದರು. ಡೀಸೆಲ್ ಮುಗಿದಾಗ ಮನೆಯಿಂದ ಕ್ಯಾನ್ ತರಿಸಿ ಸುರಿದರು. ಚಹಾ ಸುತ್ತು ಸುತ್ತಾಗಿ ಬಂತು. ಈಗ ಅದನ್ನು ಎಲ್ಲರೂ ಕುಡಿದರು.

ಬಸವರಾಜ ಕಂಗಾಲಾಗಿದ್ದ. “ಡೆಮೊ ಅಂದ್ರ ಅರ್ಧ ತಾಸು ರೀ ಸರ್” ಎಂದು ನನ್ನ ಹತ್ತಿರ ಗೋಳು ತೋಡಿಕೊಂಡ. “ಇದು ನೋಡಿದ್ರ ಸುಗ್ಗಿ ನಡದಂಗ ಐತಿ. ಯಾರಿಗರೆ ಒಬ್ಬರಿಗೆ ಹೇಳ್ರೀ.”

“ನಾನು ವರದಿ ಮಾಡ್ಲಿಕ್ಕೆ ಬಂದವನು” ಎಂದೆ.

ಊಟದ ಹೊತ್ತು ಕಳೆದರೂ ಶೆಟ್ಟರು ಪಾಗಾರದ ಆಚೆಯೇ ಇದ್ದರು. ಅವರಲ್ಲಿ ಪಿಕಪ್ ಇರಲಿಲ್ಲ, ಟೆಂಪೊ ಇರಲಿಲ್ಲ. ರಾಶಿ ಕರಗುತ್ತಿತ್ತು. ತಾವೇ ಸಹಿ ಹಾಕಿಸಿದವರೆಲ್ಲ ಎರಡೆರಡು ಸಲ ತುಂಬಿಸಿ ಸಾಗಿಸುತ್ತಿದ್ದರು. ಅವರ ತೋಟ ಪಾಗಾರದ ಈಚೆಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರು ಒಮ್ಮೆ ರಾಶಿ ನೋಡಿದರು, ಒಮ್ಮೆ ಪಾಗಾರ ನೋಡಿದರು, ಮೇಲಿನ ಕಲ್ಲನ್ನು ಕೈಯಲ್ಲಿ ತಟ್ಟಿದರು.

“ಹಾಜಿಯವರೇ” ಎಂದು ಕೂಗಿದರು ಕೊನೆಗೆ. “ಎತ್ತರದ್ದೆಲ್ಲ ಆಯ್ತು. ತಗ್ಗು ದಿಣ್ಣೆ ದಾಟ್ತದಾ ಅದು?”

“ಎಂಥ ತಗ್ಗು ದಿಣ್ಣೆ ಶೆಟ್ರೇ?”

“ಉದಾಹರಣೆಗೆ ಒಂದು ಬಿದ್ದ ಪಾಗಾರ.”

ಹಾಜಿಯವರು ಎಂಜಿನ್ ನಿಲ್ಲಿಸಿದರು. ಹಟ್ಟಿಯಲ್ಲಿ ಒಂದು ದನ ಕೂಗಿತು. “ಬಿದ್ದ ಪಾಗಾರ ಇಲ್ಲಿ ಎಲ್ಲುಂಟು?” ಎಂದರು ಹಾಜಿಯವರು.

ಶೆಟ್ಟರು ಅಂಗಿಯ ತೋಳು ಮಡಚಿದರು. ಮೊದಲ ಕಲ್ಲನ್ನು ಅವರೇ ಉರುಳಿಸಿದರು. ಉಳಿದವುಗಳಿಗೆ ಟೆಂಪೊದವರು, ಟ್ರೈಲರಿನವರು ಎಲ್ಲರೂ ಕೈ ಕೊಟ್ಟರು. ಹಿಂದೆ ಹೋಗಿದ್ದ ಆ ದೊಡ್ಡ ಯಂತ್ರವೂ ದಾಟುವಷ್ಟು ಬಾಯಿ ಬಿದ್ದಿತು. ಹಾಜಿಯವರು ಚೈನಿನ ಗಾಡಿಯನ್ನು ಕಲ್ಲುಗಳ ಮೇಲಿಂದ ನಾಜೂಕಾಗಿ ದಾಟಿಸಿ ಶೆಟ್ಟರ ತೋಟದ ಬುಡದಲ್ಲಿ ಬಕೆಟ್ ಸುರಿದರು.

“ದಾಟ್ತದೆ” ಎಂದರು ಶೆಟ್ಟರು. “ಒಮ್ಮೆ ದಾಟಿದ್ದು ಲೆಕ್ಕಕ್ಕಿಲ್ಲ.”

“ಅಜ್ಜ?” ಎಂದರು ಹಾಜಿಯವರು.

“ಅವರ ಹತ್ರ ನಾನು ಮಾತಾಡ್ತೇನೆ. ನೀವು ತನ್ನಿ.”

ಹೊತ್ತು ಇಳಿಯುವಾಗ ರಾಶಿ ಇದ್ದ ಜಾಗದಲ್ಲಿ ನೆಲ ಕಾಣುತ್ತಿತ್ತು. ಬಸವರಾಜ ಅದನ್ನು ನೋಡಿ ಹಣೆಗೆ ಕೈ ಇಟ್ಟುಕೊಂಡ. ಅವನ ಲೆಕ್ಕದಲ್ಲಿ ವ್ಯಾಪಾರ ಮುಗಿದಿತ್ತು. ಸಾಗಿಸಲು ರಾಶಿಯೇ ಇಲ್ಲದ ಮೇಲೆ ಸಾಗಿಸುವ ಗಾಡಿಯನ್ನು ಯಾರು ಕೊಳ್ಳುತ್ತಾರೆ?

“ಈಗ ನಿಮಗ ಮಷೀನ್ ಯಾಕ ಬೇಕ್ರೀ ಸಾಹೇಬ್ರ?” ಎಂದ, ಅಳುವ ದನಿಯಲ್ಲಿ.

“ದನಗಳು ನಾಳೆಯೂ ಸೆಗಣಿ ಹಾಕ್ತವೆ ಮಾರಾಯ” ಎಂದರು ಹಾಜಿಯವರು. “ಚೈನಿನದ್ದು ಇಲ್ಲೇ ಇರ್ಲಿ. ಪಟ್ಟಿ ಒಂದು ಜತೆ ಹೆಚ್ಚಿಗೆ ತರಿಸಿ ಕೊಡು. ಅಂಗಿ ಬಿಚ್ಚು, ಮನೆಯಲ್ಲಿ ತೊಳೆದು ಕೊಡ್ತಾರೆ.”

ಹಿಂದೆ ಬರುವ ಮೊದಲು ನಾನು ಕೇಳದೆ ಇರಲಾಗಲಿಲ್ಲ. “ಹಾಜಿಯವರೇ, ಇದೆಲ್ಲ ಮೊದಲೇ ಯೋಚಿಸಿದ್ದಾ?”

“ನಾನು ಎಂತ ಯೋಚಿಸುದು?” ಎಂದರು. “ನಾನು ಯಾರನ್ನೂ ಕರೀಲಿಲ್ಲ. ನಿಮ್ಮ ಪೇಪರ್ ಕರೆದದ್ದು.”

ಸುದ್ದಿ ಬರೆಯಲು ಕುಳಿತಾಗ ತೊಡಕಾಯಿತು. ಯಂತ್ರದ ಭಾಗ ಸುಲಭ. ಒದ್ದೆ ನೆಲಕ್ಕೆ ಪಟ್ಟಿಯ ಗಾಡಿ, ಕಲ್ಲಿನ ನೆಲಕ್ಕೆ ಟಯರಿನದ್ದು, ಎರಡೂ ಇದ್ದಲ್ಲಿ ಯಾವ ಕೆಲಸ ಎಲ್ಲಿ ಹೆಚ್ಚು ಎಂದು ನೋಡಿ ಆರಿಸಿ, ಬಿಡಿಭಾಗ ಸಿಗುವ ಖಾತರಿ ಮಾಡಿಕೊಳ್ಳಿ. ಕಾಂಕ್ರೀಟಿನ ಮೇಲೆ ಪಟ್ಟಿಯ ಗಾಡಿಯನ್ನು ನಿಂತಲ್ಲೇ ತಿರುಗಿಸಿದರೆ ಪಟ್ಟಿ ಬೇಗ ಸವೆಯುತ್ತದೆ ಎಂದೂ ಸೇರಿಸಿದೆ. ಇದೆಲ್ಲ ಇಂದಿಗೂ ಸರಿ, ಕೊಳ್ಳುವವರು ನೆನಪಿಡಬಹುದು. ರಾಶಿಯ ವಿಷಯವನ್ನು ಬಿಟ್ಟೆ. ದೂರು ಕೊಟ್ಟವರೇ ಸಾಗಿಸಿದರು ಎಂದು ಬರೆದರೆ ಅವರ ಮುಖ ಕೆಡುತ್ತದೆ, ಮುಖ ಕೆಟ್ಟವರು ಹೊಸ ದೂರು ಕೊಡುತ್ತಾರೆ, ಹಾಜಿಯವರ ಹಟ್ಟಿ ಮತ್ತೆ ತೂಗುಯ್ಯಾಲೆಗೆ.

ಸಂಪಾದಕರ ಫೋನ್ ಬಂತು. “ಬೆಳಿಗ್ಗೆಯಿಂದ ಸಂಜೆವರೆಗೆ ಗಾಡಿ ಓಡಿದೆ ಅಂತ ಬರ್ದಿದ್ದೀರಿ. ಗೊಬ್ಬರ ಎಲ್ಲಿ ಹೋಯ್ತು?”

ಹೇಳಿದೆ. ಅವರು ನಗುವುದನ್ನು ನಾನು ಮೊದಲ ಬಾರಿ ಕೇಳಿದ್ದು ಆಗ, ಅದೂ ಕೆಮ್ಮಿನ ರೂಪದಲ್ಲಿ.

“ಆದದ್ದನ್ನು ಬಿಡುವ ಹಾಗಿಲ್ಲ” ಎಂದರು. “ಯಾರು ಅಂತ ಹೇಳದೆ ಬರೀಲಿಕ್ಕೆ ಕನ್ನಡದಲ್ಲಿ ದಾರಿ ಉಂಟಲ್ಲ. ಬರ್ಕೊಳ್ಳಿ.” ಅವರು ಹೇಳಿದ ವಾಕ್ಯ ಮರುದಿನ ಹಾಗೆಯೇ ಅಚ್ಚಾಯಿತು: ‘ಪ್ರಾತ್ಯಕ್ಷಿಕೆಯ ಅಂಗವಾಗಿ ಗೊಬ್ಬರವನ್ನು ಆಸಕ್ತ ರೈತರ ವಾಹನಗಳಿಗೆ ತುಂಬಿಸಲಾಯಿತು.’ ಇಷ್ಟು ಜನರನ್ನು ಒಂದೇ ಕ್ರಿಯಾಪದದ ಹಿಂದೆ ಅಡಗಿಸಿದ ವಾಕ್ಯವನ್ನು ನಾನು ಬೇರೆ ಬರೆದಿಲ್ಲ.

ಮಳೆ ಶುರುವಾಗುವ ಮೊದಲು ಪಂಚಾಯತಿನಿಂದ ತನಿಖೆಗೆ ಬರುತ್ತಾರೆಂದು ತಿಳಿದು ನಾನೂ ಹೋದೆ. ಹಾಜಿಯವರು ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲವೆಂದು ಅವರ ಮನೆಯವರು ಹೇಳಿದರು. ಕಾರ್ಯದರ್ಶಿ ಬಂದು ಹಟ್ಟಿಯ ಹಿಂಬದಿ ನೋಡಿದರು. ನೆಲ ಗುಡಿಸಿದಂತಿತ್ತು, ಮೂಲೆಯಲ್ಲಿ ಚೈನಿನ ಗಾಡಿ ನಿಂತಿತ್ತು. ಅವರು ತಲೆಯಾಡಿಸಿ ಹೊರಡಬೇಕೆನ್ನುವಾಗ ಗಾಳಿ ತಿರುಗಿತು. ಕಾರ್ಯದರ್ಶಿ ಮೂಗು ಮುಚ್ಚಿಕೊಂಡರು.

“ವಾಸನೆ ಇನ್ನೂ ಉಂಟಲ್ಲ ಹಾಜಿಯವರೇ. ಎಲ್ಲಿಂದ ಇದು?”

ಹಾಜಿಯವರ ಮುಖ ಬಿಳುಚಿತು. ಹೇಳಿದರೆ ಶೆಟ್ಟರನ್ನು ತೋರಿಸಬೇಕು, ಹೇಳದಿದ್ದರೆ ವಾಸನೆ ತಮ್ಮದಾಗುತ್ತದೆ. ಎಲ್ಲರ ಕಣ್ಣು ಪಾಗಾರದ ಬಾಯಿಯ ಕಡೆ ಹೋಯಿತು. ಅಲ್ಲಿ ದೂರಿನ ಮೊದಲ ಸಹಿಯವರಾದ ದೂಮಣ್ಣ ಶೆಟ್ಟರು ನಿಂತಿದ್ದರು. ಅವರ ಹಿಂದೆ ತೋಟದ ತುಂಬ, ಮರ ಮರದ ಬುಡಕ್ಕೂ, ಕಪ್ಪಗೆ ಹೊಸ ಗೊಬ್ಬರ.

“ಶೆಟ್ರೇ, ದೂರು ನಿಮ್ಮದು” ಎಂದರು ಕಾರ್ಯದರ್ಶಿ. “ನಿಮಗೆ ವಾಸನೆ ಬರ್ತದಾ ಇಲ್ವಾ ಹೇಳಿ.”

ಶೆಟ್ಟರು ಎದೆ ತುಂಬ ಉಸಿರೆಳೆದುಕೊಂಡರು. ಹಾಜಿಯವರನ್ನು ನೋಡಿದರು, ತಮ್ಮ ತೋಟವನ್ನು ನೋಡಿದರು.

“ಯಾವ ವಾಸನೆ?” ಎಂದರು. “ನನಗೆ ಎಂತದೂ ಬರುದಿಲ್ಲ. ನಿಮಗೆ ಶೀತ ಆಗಿದೆಯಾ ಅಂತ ನೋಡಿ.”

ದೂರು ಅಲ್ಲಿಗೆ ಮುಗಿಯಿತು. ಪರವಾನಗಿ ನವೀಕರಣವಾಗುತ್ತದೆ ಎಂದು ಹೇಳಿ ಕಾರ್ಯದರ್ಶಿ ಮೂಗಿನ ಮೇಲಿನ ಕರವಸ್ತ್ರ ತೆಗೆಯದೆಯೇ ಜೀಪು ಹತ್ತಿದರು. ಹಾಜಿಯವರು ಹಟ್ಟಿಯ ಕಂಬಕ್ಕೆ ಒರಗಿ, ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದರು.

ಶೆಟ್ಟರು ಹೋಗಲಿಲ್ಲ. ಬಾಯಿ ಬಿದ್ದ ಪಾಗಾರ ದಾಟಿ ಈಚೆ ಬಂದು ಚೈನಿನ ಗಾಡಿಯ ಸುತ್ತ ಒಂದು ಸುತ್ತು ಬಂದರು, ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದರು, ಹಟ್ಟಿಯ ಒಳಗೆ ಇಣುಕಿ ದನಗಳನ್ನು ನೋಡಿದರು.

“ಗಾಡಿ ಏನೋ ತಗೊಂಡ್ರಿ ಹಾಜಿಯವರೇ” ಎಂದರು. “ಆದ್ರೆ ಹಳೇ ಗಾಡಿ. ಮಳೆ ಮುಗಿದ ಮೇಲೆ ಸರಿಯಾಗಿ ಕೆಲಸ ಮಾಡ್ತದಾ ಅಂತ ಇನ್ನೊಮ್ಮೆ ನೋಡ್ಬೇಡ್ವಾ?”

“ನೋಡುವ ಶೆಟ್ರೇ” ಎಂದರು ಹಾಜಿಯವರು.